ಒಂದು ಲ್ಯಾಪ್‌ಟಾಪ್‌ಗೆ ಸುಂಕ ಇಲ್ಲ, ಎರಡನೆಯದಕ್ಕೆ ಲೆಕ್ಕ ಅದ: ವಿದೇಶದಿಂದ ಬರುವವರು, ನಮ್ಮೂರ ಅಂಗಡಿಯವರು ನೋಡಬೇಕಾದ ಹೊಸ ನಿಯಮ

ಯಾದಗಿರಿ: ಕಾಲೇಜು ಅಡ್ಮಿಷನ್ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ಮಾತು ಗ್ಯಾರಂಟಿ ಕೇಳುತ್ತದೆ. "ದುಬೈನಾಗ ಕಡಿಮಿಗೆ ಸಿಗ್ತದಂತ್ರೀ, ನಮ್ಮ ಅಳಿಯ ಬರೋನಿದ್ದಾನ, ಅಲ್ಲಿಂದನೇ ತರಸ್ತೀವಿ." ಅಂಗಡಿಯವರು ನಕ್ಕು ಸುಮ್ಮನಾಗುತ್ತಾರೆ, ಇಲ್ಲಾ "ಏರ್‌ಪೋರ್ಟ್‌ನಾಗ ಹಿಡೀತಾರ ನೋಡ್ರಿ" ಅಂತ ಹೆದರಿಸುತ್ತಾರೆ. ಇಬ್ಬರ ಮಾತೂ ಅರ್ಧ ಮಾತ್ರ ನಿಜ.

ವಿದೇಶದಿಂದ ಬರುವ ಪ್ರಯಾಣಿಕರ ಸಾಮಾನಿಗೆ ಸಂಬಂಧಿಸಿದ ನಿಯಮ ಇದೇ 2026ರ ಫೆಬ್ರವರಿ 2ರಿಂದ ಬದಲಾಗಿದೆ. 2016ರಿಂದ ಜಾರಿಯಲ್ಲಿದ್ದ ಹಳೆಯ ಬ್ಯಾಗೇಜ್ ನಿಯಮ ಹೋಗಿ, 'ಬ್ಯಾಗೇಜ್ ನಿಯಮಗಳು 2026' ಬಂದಿವೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ನಿರ್ಮಲಾ ಸೀತಾರಾಮನ್ ಅವರು ಬಜೆಟ್ ಮಂಡಿಸಿದ ಫೆಬ್ರವರಿ 1ರ ಮರುದಿನವೇ ಇವು ಜಾರಿಯಾದವು. ಬಜೆಟ್ ಗದ್ದಲದಲ್ಲಿ ಆದಾಯ ತೆರಿಗೆ, ರೈಲು ಅಂತ ಚರ್ಚೆ ಆಯಿತೇ ಹೊರತು ಈ ವಿಷಯ ನಮ್ಮ ಕಡೆ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಆದರೆ ಗಲ್ಫ್‌ನಲ್ಲಿ ದುಡಿಯುವವರು, ಉಮ್ರಾಕ್ಕೆ ಹೋಗಿ ಬರುವವರು, ಅಮೆರಿಕ, ಜರ್ಮನಿಯಲ್ಲಿ ಓದುವ ಮಕ್ಕಳು ಇರುವ ಮನೆಗಳಿಗೆ ಇದು ನೇರವಾಗಿ ತಾಗುವ ಸುದ್ದಿ.

ಮೊದಲು ನೇರ ಉತ್ತರ. 18 ವರ್ಷ ತುಂಬಿದ ಪ್ರಯಾಣಿಕ ತನ್ನ ಜೊತೆ ಒಂದು ಹೊಸ ಲ್ಯಾಪ್‌ಟಾಪ್ ತಂದರೆ ಅದಕ್ಕೆ ಕಸ್ಟಮ್ಸ್ ಸುಂಕ ಇಲ್ಲ. ಬೆಲೆ 50 ಸಾವಿರ ಇರಲಿ, ಎರಡು ಲಕ್ಷ ಇರಲಿ, ಸುಂಕ ಇಲ್ಲ. ವಿಮಾನದ ಸಿಬ್ಬಂದಿಗೆ ಮಾತ್ರ ಈ ಸೌಲಭ್ಯ ಇಲ್ಲ.

ಇದು ಹೊಸದಾಗಿ ಕೊಟ್ಟದ್ದೂ ಅಲ್ಲ. 2004ರ ಜನವರಿಯಿಂದಲೇ ಒಂದು ಲ್ಯಾಪ್‌ಟಾಪ್‌ಗೆ ಪ್ರತ್ಯೇಕ ವಿನಾಯಿತಿ ಇತ್ತು. 22 ವರ್ಷ ಆಯಿತು, ಇನ್ನೂ ನಮ್ಮ ಹುಡುಗರು ಹೊಸ ಲ್ಯಾಪ್‌ಟಾಪಿನ ಡಬ್ಬಾ ಬಿಸಾಕಿ, ಸ್ಟಿಕ್ಕರ್ ಕಿತ್ತು, ಬಟ್ಟೆ ನಡುವೆ ಮುಚ್ಚಿ ತರುತ್ತಾರೆ. ಯಾತಕ್ಕೆ? ಯಾರೋ ಹೆದರಿಸಿದ್ದಕ್ಕೆ. ಕಳ್ಳತನ ಮಾಡದವನು ಕಳ್ಳನ ಹಂಗ ನಡೆದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಡಬ್ಬಾ ಬಿಸಾಕುವ ಅವಸರದಲ್ಲಿ ಬಿಲ್ಲೂ ಹೋಗುತ್ತದೆ. ಬಿಲ್ಲು ಹೋದರೆ ಮುಂದೆ ವಾರಂಟಿಯೂ ಹೋದಂತೆಯೇ.

75 ಸಾವಿರದ ಮಿತಿ ಬೇರೆ, ಲ್ಯಾಪ್‌ಟಾಪ್ ಬೇರೆ

ಬಹಳ ಮಂದಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವಿದೇಶದಿಂದ ಬರುವ ಭಾರತೀಯರಿಗೆ ಸುಂಕ ಇಲ್ಲದೆ ಸಾಮಾನು ತರಲು ಒಂದು ಸಾಮಾನ್ಯ ಮಿತಿ ಇದೆ. 2016ರಿಂದ ಅದು 50,000 ರೂಪಾಯಿ ಇತ್ತು, ಈಗ 75,000 ರೂಪಾಯಿ ಆಗಿದೆ. ಅತ್ತರು, ವಾಚು, ಹೊಸ ಮೊಬೈಲ್, ಮಿಕ್ಸರ್, ಮಕ್ಕಳ ಆಟಿಕೆ ಎಲ್ಲ ಈ ಮಿತಿಯೊಳಗೆ ಬರುತ್ತವೆ. ನಿತ್ಯ ಬಳಸಿದ ಬಟ್ಟೆಬರೆ, ಚಪ್ಪಲಿ, ಔಷಧದಂಥ ಸ್ವಂತ ಸಾಮಾನು ಈ ಲೆಕ್ಕಕ್ಕೆ ಇಲ್ಲ.

ಒಂದು ಲ್ಯಾಪ್‌ಟಾಪ್ ಈ 75,000ದ ಒಳಗಿಲ್ಲ, ಅದರ ಹೊರಗೆ ಬೇರೆಯಾಗಿ ಸಿಗುವ ವಿನಾಯಿತಿ. ಅಂದರೆ 1 ಲಕ್ಷ 20 ಸಾವಿರದ ಲ್ಯಾಪ್‌ಟಾಪ್ ತಂದವನಿಗೆ ಅದರ ಮೇಲೆ ಇನ್ನೂ 75,000 ರೂಪಾಯಿ ಸಾಮಾನು ತರಲು ಅವಕಾಶ ಇದೆ. ಹೊಸ ನಿಯಮದಲ್ಲಿ ಲ್ಯಾಪ್‌ಟಾಪ್ ಜೊತೆ ನೋಟ್‌ಪ್ಯಾಡ್ ಎಂಬ ಪದವನ್ನೂ ಸೇರಿಸಿದ್ದಾರೆ. ಅದರರ್ಥ ಎರಡರಲ್ಲಿ ಒಂದು ಅಂತಲೇ ಹೊರತು ಒಂದೊಂದು ಅಂತ ಅಲ್ಲ.

ಇನ್ನೊಂದು ಮಾತು. ಮಿತಿ ತಲೆಗೊಂದು. ಗಂಡ ಹೆಂಡತಿ ಇಬ್ಬರೂ ಉಮ್ರಾ ಮುಗಿಸಿ ಬರುತ್ತಿದ್ದರೆ ಇಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್, ಇಬ್ಬರಿಗೂ 75-75 ಸಾವಿರ. ಆದರೆ ಇಬ್ಬರದೂ ಕೂಡಿಸಿ ಒಂದೂವರೆ ಲಕ್ಷದ ಒಂದೇ ವಸ್ತು ತರುತ್ತೇವೆ ಅಂದರೆ ನಡೆಯುವುದಿಲ್ಲ. ಜೊತೆಗೆ 16 ವರ್ಷದ ಮಗ ಇದ್ದಾನೆ, ಅವನ ಹೆಸರಲ್ಲಿ ಮೂರನೇ ಲ್ಯಾಪ್‌ಟಾಪ್ ಅಂದರೆ ಅದೂ ಇಲ್ಲ, ಅವನಿಗೆ ಇನ್ನೂ 18 ಆಗಿಲ್ಲ.

ಎರಡನೇ ಲ್ಯಾಪ್‌ಟಾಪ್ ತಂದರೆ

ಎರಡನೇ ಲ್ಯಾಪ್‌ಟಾಪ್ ತರಬಾರದು ಅಂತ ಕಾನೂನು ಹೇಳುವುದಿಲ್ಲ. ಅದು ಉಳಿದ ಸಾಮಾನಿನ ಹಂಗೆ 75,000ದ ಮಿತಿಯೊಳಗೆ ಲೆಕ್ಕವಾಗುತ್ತದೆ, ಅಷ್ಟೇ. ಮಿತಿ ದಾಟಿದ ಹಣದ ಮೇಲೆ ಮಾತ್ರ ಸುಂಕ. ಬ್ಯಾಗೇಜ್ ಸುಂಕ ಹಲವು ವರ್ಷದಿಂದ ಶೇ 35, ಅದರ ಮೇಲೆ ಶೇ 10ರ ಸರ್‌ಚಾರ್ಜ್ ಸೇರಿ ಒಟ್ಟು ಶೇ 38.5 ಲೆಕ್ಕದಲ್ಲಿ ನಡೆದು ಬಂದಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಸುರಪುರದ ಒಬ್ಬ ಹುಡುಗ ದುಬೈನಿಂದ ಬರುತ್ತಾನೆ ಅಂತ ಇಟ್ಟುಕೊಳ್ಳಿ. ತನ್ನದೊಂದು ಹೊಸ ಲ್ಯಾಪ್‌ಟಾಪ್ ಇದೆ, ಅದಕ್ಕೆ ಸುಂಕ ಇಲ್ಲ. ತಂಗಿಗೆ 60,000ದ ಇನ್ನೊಂದು ಲ್ಯಾಪ್‌ಟಾಪ್, ಮನೆಯವರಿಗೆ 10,000ದ ಅತ್ತರು, ವಾಚು. ಒಟ್ಟು 70,000. ಈಗಿನ ಮಿತಿಯೊಳಗೇ ಬಂತು, ಸುಂಕ ಶೂನ್ಯ. ಅದೇ ಹುಡುಗ 40,000ದ ಒಂದು ಹೊಸ ಮೊಬೈಲನ್ನೂ ಸೇರಿಸಿದ ಅನ್ನಿ. ಒಟ್ಟು 1,10,000 ಆಯಿತು. ಮಿತಿ ದಾಟಿದ್ದು 35,000. ಶೇ 38.5ರಂತೆ 13,475 ರೂಪಾಯಿ ಕಟ್ಟಬೇಕು. ಇದೇ ಸಾಮಾನು ಹಳೆಯ 50,000ದ ಮಿತಿಯಲ್ಲಿ ಬಂದಿದ್ದರೆ 23,100 ಕಟ್ಟಬೇಕಾಗುತ್ತಿತ್ತು. ಮಿತಿ ಏರಿಸಿದ್ದರಿಂದ ಒಬ್ಬನಿಗೆ ಉಳಿದದ್ದು 9,625 ರೂಪಾಯಿ. ಗಲ್ಫ್‌ನಲ್ಲಿ ಕೂಲಿ, ಡ್ರೈವಿಂಗ್ ಮಾಡುವವನಿಗೆ ಇದು ಸಣ್ಣ ಮೊತ್ತ ಅಲ್ಲ.

ತಂಗಿಗೆ, ತಮ್ಮನಿಗೆ ಅಂತ ತರುವುದು ತಪ್ಪಾ ಅಂತ ಕೆಲವರು ಕೇಳುತ್ತಾರೆ. ತಪ್ಪಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 79ನೇ ಕಲಂನಲ್ಲೇ ಪ್ರಯಾಣಿಕನ ಸ್ವಂತ ಬಳಕೆ, ಅವನ ಕುಟುಂಬದ ಬಳಕೆ, ನಿಜವಾದ ಉಡುಗೊರೆ ಮೂರಕ್ಕೂ ಜಾಗ ಇದೆ. ಆದ್ದರಿಂದ "ಇದು ಯಾರಿಗೆ?" ಅಂತ ಅಧಿಕಾರಿ ಕೇಳಿದರೆ "ನಂದೇ ಸರ್, ನಂದೇ" ಅಂತ ಸುಳ್ಳು ಹೇಳುವ ಅಗತ್ಯವೇ ಇಲ್ಲ. "ತಂಗಿ ಇಂಜಿನಿಯರಿಂಗ್ ಸೇರ್ಯಾಳ್ರಿ, ಆಕೀಗೆ" ಅಂತ ಇದ್ದದ್ದು ಹೇಳಿದರೆ ಕೆಲಸ ಮುಗಿಯಿತು.

ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಈ ತಂಗಿಯ ಲ್ಯಾಪ್‌ಟಾಪೇ ದೊಡ್ಡ ವಿಷಯ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಅದಾದ ಮೇಲೆ 371(ಜೆ) ಬಂತು, ಮೀಸಲಾತಿಯಲ್ಲಿ ಸೀಟು ಸಿಕ್ಕು ನಮ್ಮ ಮಕ್ಕಳು ಕಲಬುರಗಿ, ಬೆಂಗಳೂರಿನ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜು ಸೇರಿದರು. ಸೀಟಿನ ಫೀಸಿಗೆ ಹೊಲ ಅಡ ಇಟ್ಟ ಮನೆಯಲ್ಲಿ ಲ್ಯಾಪ್‌ಟಾಪಿಗೆ ಮತ್ತೆ 60-70 ಸಾವಿರ ಎಲ್ಲಿಂದ ತರುವುದು? ಆಗ ನೆನಪಾಗುವವನೇ ಜೆಡ್ಡಾದಲ್ಲೋ ದೋಹಾದಲ್ಲೋ ಇರುವ ಅಣ್ಣ.

ಇಲ್ಲಿಂದ ಒಯ್ದ ಹಳೆಯ ಲ್ಯಾಪ್‌ಟಾಪ್ ವಾಪಸ್ ಬರುವಾಗ

ಇದು ವಿದ್ಯಾರ್ಥಿಗಳು ಬಿಟ್ಟುಬಿಡುವ ವಿಷಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಶಹಾಪುರದಲ್ಲೋ ಯಾದಗಿರಿಯಲ್ಲೋ ಕೊಂಡ ಲ್ಯಾಪ್‌ಟಾಪ್ ತಗೊಂಡು ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೋದಳು. ಎರಡು ವರ್ಷದ ಮೇಲೆ ರಜೆಗೆ ಬರುವಾಗ ಹಳೆಯದೂ ಕೈಯಲ್ಲಿದೆ, ಅಲ್ಲಿ ಕೊಂಡ ಹೊಸದೂ ಇದೆ. ಈಗ ಲ್ಯಾಪ್‌ಟಾಪ್ ಎರಡು. ಹಳೆಯದು ನಮ್ಮ ದೇಶದಲ್ಲೇ ಜಿಎಸ್‌ಟಿ ಕಟ್ಟಿ ಕೊಂಡದ್ದು, ಅದಕ್ಕೆ ಮತ್ತೆ ಸುಂಕ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಅದು ಇಲ್ಲಿಂದಲೇ ಹೋದದ್ದು ಅಂತ ತೋರಿಸುವುದು ಹೇಗೆ?

ಇದಕ್ಕೆ ಎರಡು ದಾರಿ. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ವಸ್ತು ತೋರಿಸಿ, ಅದರ ಸೀರಿಯಲ್ ನಂಬರ್ ಬರೆಸಿ ರಫ್ತು ಪ್ರಮಾಣಪತ್ರ ಪಡೆಯುವುದು ಒಂದು. ಬೆಲೆಬಾಳುವ ಕ್ಯಾಮೆರಾ, ಒಡವೆ ಒಯ್ಯುವವರು ಹೀಗೇ ಮಾಡುತ್ತಾರೆ. ವಾಪಸ್ ಬರುವಾಗ ಆ ಕಾಗದ ತೋರಿಸಿದರೆ ಅದು ವಿದೇಶದ ಮಾಲು ಅಲ್ಲ ಅಂತ ಸಾಬೀತಾಗುತ್ತದೆ. ಆದರೆ ಮೊದಲ ಸಲ ವಿಮಾನ ಹತ್ತುವ ಮಗಳನ್ನು ಕಳಿಸಲು ಮನೆ ಮಂದಿಯೆಲ್ಲ ಗಾಡಿ ಮಾಡಿಕೊಂಡು ಹೋಗಿ, ಬಾಗಿಲಲ್ಲಿ ಅತ್ತು ಕರೆದು ಬೀಳ್ಕೊಡುವ ಹೊತ್ತಿನಲ್ಲಿ ಈ ಕೌಂಟರ್ ಯಾರಿಗೆ ನೆನಪಿರುತ್ತದೆ?

ಅದಕ್ಕೇ ಎರಡನೆಯ ದಾರಿ: ಇಲ್ಲಿ ಕೊಂಡಾಗಲೇ ಪಕ್ಕಾ ಜಿಎಸ್‌ಟಿ ಬಿಲ್ ಮಾಡಿಸಿ, ಅದರಲ್ಲಿ ಸೀರಿಯಲ್ ನಂಬರ್ ಹಾಕಿಸಿ, ಅದರ ಫೋಟೊ ಮೊಬೈಲ್‌ನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳುವುದು. ಲ್ಯಾಪ್‌ಟಾಪಿನ ಹಿಂಬದಿಯಲ್ಲಿ ಇರುವ ನಂಬರು, ಬಿಲ್ಲಿನಲ್ಲಿರುವ ನಂಬರು ಒಂದೇ ಆಗಿದ್ದರೆ ವಾದಕ್ಕೆ ಬಲ ಬರುತ್ತದೆ. ಪ್ರಮಾಣಪತ್ರದಷ್ಟು ಗಟ್ಟಿ ಅಲ್ಲ ನಿಜ, ಆದರೆ ಬರಿಗೈಯಲ್ಲಿ ನಿಂತು "ಇದು ಹಳೇದ್ರಿ" ಅನ್ನುವುದಕ್ಕಿಂತ ಸಾವಿರ ಪಾಲು ಮೇಲು.

ಇಲ್ಲಿ ನಮ್ಮ ಅಂಗಡಿಯವರ ಪಾತ್ರವೂ ಇದೆ. "ಬಿಲ್ ಬೇಕಾ, ಬ್ಯಾಡಾ?" ಅನ್ನುವ ಪ್ರಶ್ನೆಯನ್ನೇ ಬಿಡಬೇಕು. ಗಿರಾಕಿ ಎರಡು ಸಾವಿರ ಉಳಿಸಲು ಬಿಲ್ ಬ್ಯಾಡ ಅಂದರೂ, ಆ ಲ್ಯಾಪ್‌ಟಾಪ್ ನಾಳೆ ಶಿಕಾಗೋಗೆ ಹೋಗಬಹುದು.

ವಿಮಾನ ನಿಲ್ದಾಣದಲ್ಲಿ ಏನು ನಡೆಯುತ್ತದೆ

ನಮ್ಮ ಮೂರು ಊರಿನವರಿಗೆ ವಿದೇಶದ ಬಾಗಿಲು ಅಂದರೆ ಹೆಚ್ಚಾಗಿ ಹೈದರಾಬಾದಿನ ಶಂಶಾಬಾದ್. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾದರೂ ವಿದೇಶದ ವಿಮಾನ ಅಲ್ಲಿಗೆ ಇಳಿಯುವುದಿಲ್ಲ. ಗುರುಮಠಕಲ್ ದಾಟಿ ಮಹಬೂಬ್‌ನಗರದ ಮೇಲೆ ಹೋದರೆ ಹೈದರಾಬಾದ್ ಪೇಟೆಯೊಳಗೆ ಹೋಗದೆಯೇ ಶಂಶಾಬಾದ್ ಸಿಗುತ್ತದೆ. ಕೆಲವರು ಬೆಂಗಳೂರು, ಕೆಲವರು ಮುಂಬೈ ಮೇಲೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಯಾದಗಿರಿಗೆ ಇಳಿಯುತ್ತಾರೆ.

ಎಲ್ಲಿ ಇಳಿದರೂ ಕ್ರಮ ಒಂದೇ. ಪಾಸ್‌ಪೋರ್ಟ್ ಮುದ್ರೆ ಆದ ಮೇಲೆ ಬ್ಯಾಗು ಎತ್ತಿಕೊಂಡು ಹೊರಗೆ ಬರುವಾಗ ಎರಡು ದಾರಿ ಕಾಣುತ್ತವೆ. ಹಸಿರು ದಾರಿ, ಸುಂಕ ಕಟ್ಟುವಂಥದ್ದು ಏನೂ ಇಲ್ಲ ಅನ್ನುವವರಿಗೆ. ಕೆಂಪು ದಾರಿ, ಮಿತಿ ದಾಟಿದೆ ಅಥವಾ ಅನುಮಾನ ಇದೆ ಅನ್ನುವವರಿಗೆ. ಹಸಿರು ದಾರಿಯಲ್ಲಿ ಕಾಲಿಟ್ಟರೆ "ನನ್ನ ಹತ್ತಿರ ಏನೂ ಇಲ್ಲ" ಅಂತ ಬಾಯಿಬಿಟ್ಟು ಹೇಳಿದಂತೆಯೇ ಲೆಕ್ಕ. ಆಮೇಲೆ ಬ್ಯಾಗಿನಲ್ಲಿ ಮೂರು ಲ್ಯಾಪ್‌ಟಾಪ್ ಸಿಕ್ಕರೆ ಅದು ಬರೀ ಸುಂಕ ಬಾಕಿ ಅಲ್ಲ, ಘೋಷಣೆ ಮಾಡದೆ ತಂದ ಅಪರಾಧ. ಮಾಲು ಜಪ್ತಿ ಮಾಡಬಹುದು. ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ಸುಂಕ, ಅದರ ಮೇಲೆ ಬೇರೆ ಪೆನಾಲ್ಟಿ. 13 ಸಾವಿರ ಉಳಿಸಲು ಹೋಗಿ ಅದರ ಎರಡು ಮೂರು ಪಟ್ಟು ಕಳಕೊಳ್ಳುವ ದಾರಿ ಇದು.

ಒಂದು ಲ್ಯಾಪ್‌ಟಾಪ್, ಮಿತಿಯೊಳಗಿನ ಸಾಮಾನು ಇದ್ದವನು ಹಸಿರು ದಾರಿಯಲ್ಲೇ ಧೈರ್ಯವಾಗಿ ಹೋಗಬಹುದು. ಸೀಲ್ ಒಡೆಯದ ಡಬ್ಬಾ ಇದ್ದರೂ ತೊಂದರೆ ಇಲ್ಲ. ನಿಯಮದಲ್ಲೇ ಹೊಸ ಲ್ಯಾಪ್‌ಟಾಪ್ ಅಂತ ಬರೆದಿರುವಾಗ ಹೊಸದು ಯಾಕೆ ಅಂತ ಕೇಳುವುದಕ್ಕೆ ಆಗದು. ಮಿತಿ ದಾಟಿದವರು ಮೊದಲೇ ಮೊಬೈಲಿನಲ್ಲಿ ಕಸ್ಟಮ್ಸ್ ಇಲಾಖೆಯ 'ಅತಿಥಿ' ಆ್ಯಪ್‌ನಲ್ಲಿ ಸಾಮಾನಿನ ವಿವರ ತುಂಬಬಹುದು.

ಬೆಲೆಯ ವಿಷಯಕ್ಕೆ ಬಂದರೆ, ನೀವು ತಂದ ಬಿಲ್ಲೇ ಮೊದಲ ಆಧಾರ. "ಅಂಗಡಿಯವನಿಗೆ ಹೇಳಿ ಅರ್ಧ ರೇಟಿನ ಬಿಲ್ ಹಾಕಿಸ್ಕೊಂಡು ಬಾ" ಅನ್ನುವ ಬುದ್ಧಿವಂತರು ನಮ್ಮಲ್ಲಿ ಬಹಳ. ಮಾಡೆಲ್ ನಂಬರ್ ಹೊಡೆದರೆ ಮೊಬೈಲಿನಲ್ಲೇ ಬೆಲೆ ಬರುವ ಕಾಲದಲ್ಲಿ ಈ ಉಪಾಯ ಕೌಂಟರಿನ ಮುಂದೆ ನಿಮಿಷವೂ ನಿಲ್ಲುವುದಿಲ್ಲ.

ಸುಂಕ ಕಟ್ಟಲು ಆಗ ಕೈಯಲ್ಲಿ ದುಡ್ಡಿಲ್ಲ ಅಥವಾ ಕಟ್ಟಲು ಮನಸ್ಸಿಲ್ಲ ಅಂದರೂ ಒಂದು ದಾರಿ ಇದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಸತ್ಯವಾಗಿ ಘೋಷಣೆ ಮಾಡಿದವನು ಕಾಯ್ದೆಯ 80ನೇ ಕಲಂ ಪ್ರಕಾರ ಆ ವಸ್ತುವನ್ನು ಕಸ್ಟಮ್ಸ್ ಹತ್ತಿರವೇ ಇಡಿಸಿ, ರಜೆ ಮುಗಿಸಿ ವಾಪಸ್ ಹೋಗುವಾಗ ತಗೊಂಡು ಹೋಗಲು ಕೇಳಿಕೊಳ್ಳಬಹುದು. ತಿಂಗಳ ರಜೆಗೆ ಬರುವ ಗಲ್ಫ್ ನೌಕರರಿಗೆ ಇದು ಉಪಯೋಗಕ್ಕೆ ಬರುವ ಸೌಲಭ್ಯ. ಮುಚ್ಚಿಟ್ಟು ಸಿಕ್ಕಿಬಿದ್ದವನಿಗೆ ಈ ಬಾಗಿಲು ತೆರೆಯುವುದಿಲ್ಲ.

"ಇದೊಂದು ಬ್ಯಾಗ್ ಒಯ್ಯಿ ಭಾಯ್"

ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ. ರಜೆಗೆ ಹೊರಟವನ ರೂಮಿಗೆ ಹಿಂದಿನ ರಾತ್ರಿ ಯಾರೋ ಪರಿಚಯದವರ ಪರಿಚಯದವರು ಬರುತ್ತಾರೆ. "ಎರಡು ಲ್ಯಾಪ್‌ಟಾಪ್, ನಾಲ್ಕು ಮೊಬೈಲ್ ಅದಾವ. ಹೈದರಾಬಾದ್ ಏರ್‌ಪೋರ್ಟ್ ಹೊರಗ ನಮ್ಮ ಹುಡುಗ ನಿಂತಿರ್ತಾನ, ಅವನ ಕೈಗೆ ಕೊಟ್ಟುಬಿಡು. ಟಿಕೆಟ್ ಖರ್ಚು ನಮ್ಮದು." ಟಿಕೆಟ್ ಉಳಿಯಿತು ಅಂತ ಹುಡುಗ ಒಪ್ಪುತ್ತಾನೆ.

ಕಾನೂನಿನ ಕಣ್ಣಿಗೆ ಆ ಬ್ಯಾಗು ಹೊತ್ತವನದೇ. ಘೋಷಣೆ ಅವನದು, ಪಾಸ್‌ಪೋರ್ಟ್ ಅವನದು, ದಂಡ ಅವನದು. ಹೊರಗೆ ನಿಂತ 'ನಮ್ಮ ಹುಡುಗ' ಆ ಹೊತ್ತಿಗೆ ಫೋನ್ ಸ್ವಿಚ್ ಆಫ್ ಮಾಡಿ ಹೋಗಿರುತ್ತಾನೆ. ಮಾರಾಟಕ್ಕೆ ತಂದ ಮಾಲು ಪ್ರಯಾಣಿಕನ ನಿಜವಾದ ಬ್ಯಾಗೇಜೇ ಅಲ್ಲ, ಅದಕ್ಕೆ 75,000ದ ಮಿತಿಯೂ ಸಿಗುವುದಿಲ್ಲ, ಲ್ಯಾಪ್‌ಟಾಪ್ ವಿನಾಯಿತಿಯೂ ಸಿಗುವುದಿಲ್ಲ. ಒಂದೇ ಮಾಡೆಲಿನ ನಾಲ್ಕು ಸೀಲ್ ಡಬ್ಬಾ ಕಂಡರೆ ಅದು ಮನೆಗಾ ಅಂಗಡಿಗಾ ಅಂತ ಅಧಿಕಾರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಾರ್ಜರ್ ಒಳಗೆ, ಬ್ಯಾಟರಿ ಜಾಗದಲ್ಲಿ ಇನ್ನೇನು ತುಂಬಿದ್ದಾರೆ ಅನ್ನುವುದು ಹೊತ್ತವನಿಗೆ ಗೊತ್ತೇ ಇರುವುದಿಲ್ಲ. ಸಿಕ್ಕಿದ್ದು ಚಿನ್ನವಾದರೆ ಮಾತು ದಂಡದಲ್ಲಿ ಮುಗಿಯದೆ ಜೈಲಿನವರೆಗೂ ಹೋಗಬಹುದು. ಮನೆಗೆ ದುಡ್ಡು ಕಳಿಸುತ್ತಿದ್ದ ಒಬ್ಬನೇ ಮಗ ಹೀಗೆ ಸಿಕ್ಕಿಬಿದ್ದರೆ ವೀಸಾ, ಕೆಲಸ, ತಂಗಿಯ ಮದುವೆ ಎಲ್ಲ ಒಂದೇ ಏಟಿಗೆ ಹೋಗುತ್ತವೆ.

ಅಂಗಡಿಯವರ ದೂರು ಎಷ್ಟು ಸರಿ?

ನಮ್ಮ ಅಂಗಡಿಯವರು ಹೇಳುವುದು: ನಾವು ಬಾಡಿಗೆ ಕಟ್ಟುತ್ತೇವೆ, ಜಿಎಸ್‌ಟಿ ಕಟ್ಟುತ್ತೇವೆ, ಹೊರಗಿನಿಂದ ಬ್ಯಾಗಿನಲ್ಲಿ ಬರುವ ಮಾಲಿಗೆ ಏನೂ ಇಲ್ಲ, ಇದು ಯಾವ ನ್ಯಾಯ? ಪ್ರಶ್ನೆ ಸರಿಯೇ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಚಿತ್ರ ಬೇರೆ ಇದೆ.

ಅಂಗಡಿಯಲ್ಲಿ 70,000ಕ್ಕೆ ಮಾರುವ ಲ್ಯಾಪ್‌ಟಾಪಿನಲ್ಲಿ ಶೇ 18 ಜಿಎಸ್‌ಟಿ ಒಳಗೇ ಸೇರಿದೆ. ಕಳೆದ ವರ್ಷ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಇಳಿದಾಗ ಟಿವಿ, ಎ.ಸಿ. ಅಗ್ಗವಾದವು, ಲ್ಯಾಪ್‌ಟಾಪ್ ಇದ್ದಲ್ಲೇ ಉಳಿಯಿತು. ಆ ತೆರಿಗೆ ತೆಗೆದರೆ ಮೂಲ ಬೆಲೆ ಸುಮಾರು 59,320. ಅದೇ ಮೂಲ ಬೆಲೆಯ ಲ್ಯಾಪ್‌ಟಾಪನ್ನು ಸೌದಿಯಲ್ಲಿ ಕೊಂಡರೆ ಅಲ್ಲಿ 2020ರ ಜುಲೈಯಿಂದ ಶೇ 15 ವ್ಯಾಟ್ ಇದೆ, 68,200 ಆಯಿತು. ಉಳಿತಾಯ 1,800 ರೂಪಾಯಿ! ದುಬೈನಲ್ಲಿ ವ್ಯಾಟ್ ಶೇ 5, ಸುಮಾರು 62,300 ಆಗುತ್ತದೆ, ಉಳಿತಾಯ 7,700. ದುಬೈನಲ್ಲಿ ಪ್ರವಾಸಿಗಳಿಗೆ ವ್ಯಾಟ್ ವಾಪಸ್ ಸಿಗುತ್ತದೆ ಅನ್ನುವುದು ನಿಜ, ಆದರೆ ಅಲ್ಲೇ ರೆಸಿಡೆನ್ಸ್ ವೀಸಾ ಮೇಲೆ ಇರುವ ನಮ್ಮ ಹುಡುಗರಿಗೆ ಅದು ಸಿಗುವುದಿಲ್ಲ. ಕತಾರ್, ಕುವೈತ್‌ನಲ್ಲಿ ವ್ಯಾಟೇ ಇಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಸೇಲ್ಸ್ ಟ್ಯಾಕ್ಸ್.

ತೆರಿಗೆಯಿಂದ ಆಗುವ ವ್ಯತ್ಯಾಸ ಇಷ್ಟೇ. ಉಳಿದದ್ದು ಆಫರ್, ಮಾಡೆಲ್ ಮೇಲೆ. ಇದರ ಎದುರಿಗೆ ಇಟ್ಟು ನೋಡಬೇಕಾದದ್ದು: ಗಲ್ಫ್ ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆ ಅರಬ್ಬಿ ಅಕ್ಷರ, ಚೌಕ ಕಡ್ಡಿಯ ಪ್ಲಗ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ವಾರಂಟಿ. ಕೆಲವು ಕಂಪನಿಗಳ ವಾರಂಟಿ ಯಾವ ದೇಶದಲ್ಲಾದರೂ ನಡೆಯುತ್ತದೆ, ಹಲವು ಮಾಡೆಲ್‌ಗಳದು ಕೊಂಡ ದೇಶಕ್ಕಷ್ಟೇ. ಸುರಪುರದಲ್ಲಿ ಮದರ್‌ಬೋರ್ಡ್ ಸುಟ್ಟರೆ ಶಾರ್ಜಾಕ್ಕೆ ಹೋಗಲು ಆಗುತ್ತದೇನ್ರಿ? ಅಂಗಡಿಯವರು ಗಿರಾಕಿಯನ್ನು ಕಸ್ಟಮ್ಸ್ ಹೆಸರಿನಲ್ಲಿ ಹೆದರಿಸುವ ಬದಲು ಈ ಲೆಕ್ಕ ಹೇಳಿದರೆ ಅರ್ಧ ಮಂದಿ ಇಲ್ಲೇ ಕೊಳ್ಳುತ್ತಾರೆ ಅನ್ನುವುದು ನಮ್ಮ ಅನಿಸಿಕೆ.

ಒಂದು ವಿಚಿತ್ರವನ್ನೂ ಹೇಳಬೇಕು. ದೊಡ್ಡ ವ್ಯಾಪಾರಿ ಕಂಟೇನರ್‌ನಲ್ಲಿ ಲ್ಯಾಪ್‌ಟಾಪ್ ಆಮದು ಮಾಡಿಕೊಂಡರೆ ಮೂಲ ಕಸ್ಟಮ್ಸ್ ಸುಂಕ ಶೂನ್ಯ. 1997ರ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿರುವುದರಿಂದ ಕಂಪ್ಯೂಟರ್ ಮೇಲೆ ಸುಂಕ ಹಾಕುವುದಿಲ್ಲ. ಅವನು ಕಟ್ಟುವುದು ಶೇ 18 ಐಜಿಎಸ್‌ಟಿ, ಅದೂ ಮುಂದೆ ಇನ್‌ಪುಟ್ ಕ್ರೆಡಿಟ್‌ನಲ್ಲಿ ಹೊಂದಿಕೆಯಾಗುತ್ತದೆ. ಆದರೆ ತಮ್ಮನಿಗೆ ಅಂತ ಬ್ಯಾಗಿನಲ್ಲಿ ತಂದ ಲ್ಯಾಪ್‌ಟಾಪ್ ಮಿತಿ ದಾಟಿದರೆ ಶೇ 38.5. ಬ್ಯಾಗೇಜ್‌ಗೆ ವಸ್ತು ಯಾವುದು ಅಂತ ನೋಡದೆ ಎಲ್ಲಕ್ಕೂ ಒಂದೇ ದರ ಇಟ್ಟಿರುವುದರಿಂದ ಹೀಗಾಗುತ್ತದೆ. ಆಡಳಿತಕ್ಕೆ ಅನುಕೂಲ ಇರಬಹುದು, ದುಡಿದು ತಂದವನಿಗೆ ಇದು ನ್ಯಾಯ ಅನಿಸುವುದಿಲ್ಲ. ಮಿತಿ ಏರಿಸಿದ್ದು ಒಳ್ಳೆಯದೇ. ಆದರೆ 2016ರಿಂದ 2026ರವರೆಗೆ ಹತ್ತು ವರ್ಷ 50,000ದಲ್ಲೇ ನಿಲ್ಲಿಸಿ ಈಗ ಏರಿಸಿದ್ದನ್ನು ದೊಡ್ಡ ಉಪಕಾರ ಅಂತ ಹೇಳಬೇಕಿಲ್ಲ.

2023ರ ಆಗಸ್ಟ್ 3ರಂದು ಕೇಂದ್ರ ಸರಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಆಮದಿಗೆ ಲೈಸೆನ್ಸ್ ಬೇಕು ಅಂತ ದಿಢೀರ್ ಆದೇಶ ಹೊರಡಿಸಿದ್ದು ನೆನಪಿರಬಹುದು. ಮರುದಿನವೇ ಅದನ್ನು ಮುಂದೂಡಿ, ಆಮೇಲೆ ನೋಂದಣಿ ವ್ಯವಸ್ಥೆಯಾಗಿ ಮಾರ್ಪಡಿಸಿದರು. ಆಗ ನಮ್ಮಲ್ಲಿ "ಇನ್ನು ಹೊರಗಿಂದ ಲ್ಯಾಪ್‌ಟಾಪ್ ತರಂಗಿಲ್ಲ" ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಆ ಆದೇಶದಲ್ಲೇ ಪ್ರಯಾಣಿಕರ ಬ್ಯಾಗೇಜ್‌ಗೆ ವಿನಾಯಿತಿ ಇತ್ತು. ಆ ಹಳೆಯ ಮೆಸೇಜ್ ಈಗಲೂ ಬಂದರೆ ನಂಬಬೇಡಿ.

ಅಂಗಡಿಯವರಿಗೆ ಒಂದು ಎಚ್ಚರಿಕೆ. ಯಾರೋ ತಂದುಕೊಟ್ಟ ಸೀಲ್ ಪ್ಯಾಕ್ 'ದುಬೈ ಪೀಸ್' ಅನ್ನು ಕೊಂಡು ಶೋಕೇಸಿನಲ್ಲಿ ಇಡುವ ಮುನ್ನ ಯೋಚಿಸಿ. ಕೊಂಡದ್ದಕ್ಕೆ ಬಿಲ್ ಇಲ್ಲ, ಆದ್ದರಿಂದ ಇನ್‌ಪುಟ್ ಕ್ರೆಡಿಟ್ ಇಲ್ಲ. ಡಬ್ಬಾದ ಮೇಲೆ ಆಮದುದಾರನ ಹೆಸರು, ಎಂಆರ್‌ಪಿ ಇಲ್ಲ. ತಪಾಸಣೆಗೆ ಬಂದವರಿಗೆ ಮಾಲು ಎಲ್ಲಿಂದ ಬಂತು ಅಂತ ತೋರಿಸಲು ಕಾಗದ ಇಲ್ಲ. ಗಿರಾಕಿ ವಾರಂಟಿ ಕೇಳಿಕೊಂಡು ಬಂದಾಗ ಬಯ್ಯಿಸಿಕೊಳ್ಳುವವರೂ ನೀವೇ.

ಇನ್ನೆರಡು ಮಾತು

ಗಲ್ಫ್‌ನಿಂದ ಬರುವವರು ಟಿವಿ ತರುವ ಆಸೆ ಬಿಡುವುದು ಒಳ್ಳೆಯದು. 2013ರ ಆಗಸ್ಟ್ 26ರಿಂದಲೇ ಫ್ಲಾಟ್ ಟಿವಿ ಈ ಉಚಿತ ಮಿತಿಯಿಂದ ಹೊರಗಿದೆ, ಪೂರ್ತಿ ಬೆಲೆಯ ಮೇಲೆ ಸುಂಕ ಬೀಳುತ್ತದೆ. ಒಡವೆಯಲ್ಲಿ ಮಾತ್ರ ಹೊಸ ನಿಯಮ ಅನುಕೂಲ ಮಾಡಿದೆ. ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದು ಬರುವ ಮಹಿಳೆಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ ಒಡವೆ ಸುಂಕ ಇಲ್ಲದೆ ತರಬಹುದು. ಹಿಂದೆ ಇದರ ಜೊತೆ ಒಂದು ಲಕ್ಷ, 50 ಸಾವಿರ ಅಂತ ಬೆಲೆಯ ಮಿತಿಯೂ ಇತ್ತು, ಬಂಗಾರದ ಈಗಿನ ರೇಟಿನಲ್ಲಿ ಅದಕ್ಕೆ ಅರ್ಥವೇ ಉಳಿದಿರಲಿಲ್ಲ. ಈಗ ತೂಕ ಮಾತ್ರ ನೋಡುತ್ತಾರೆ. ಬಿಸ್ಕತ್ತು, ನಾಣ್ಯ ಇದರಲ್ಲಿ ಬರುವುದಿಲ್ಲ. ಕೆಲಸ ಮುಗಿಸಿ ಕಾಯಂ ಆಗಿ ಊರಿಗೆ ಮರಳುವವರಿಗೆ ಮನೆಬಳಕೆಯ ಸಾಮಾನಿಗೆ ಬೇರೆಯೇ ರಿಯಾಯಿತಿ ಇದ್ದು, ಎಷ್ಟು ಕಾಲ ಹೊರಗಿದ್ದಿರಿ ಅನ್ನುವುದರ ಮೇಲೆ ಅದು ಏರುತ್ತದೆ.

"ಬರೋದು ತಡ ಆಗ್ತದ, ಕೊರಿಯರ್ ಮಾಡಿಬಿಡ್ತೀನಿ" ಅನ್ನುವ ಅಣ್ಣಂದಿರಿಗೆ: ಕೊರಿಯರ್‌ನಲ್ಲಿ ಬಂದ ಲ್ಯಾಪ್‌ಟಾಪ್‌ಗೆ ಈ ವಿನಾಯಿತಿ ಇಲ್ಲ. ಉಡುಗೊರೆ ಅಂತ ಬರೆದು ಕಳಿಸಿದರೂ ಇಲ್ಲ, ಆ ಸೌಲಭ್ಯ 2019ರ ಡಿಸೆಂಬರ್‌ನಲ್ಲೇ ನಿಂತಿದೆ. ಪಾರ್ಸೆಲ್ ಬಿಡಿಸಿಕೊಳ್ಳುವಾಗ ಸುಂಕ, ಜಿಎಸ್‌ಟಿ ಎರಡನ್ನೂ ಮನೆಯವರು ಕಟ್ಟಬೇಕು. ಊರಿಗೆ ಬರುವವರ ಕೈಯಲ್ಲಿ, ಅವರ ಬ್ಯಾಗಿನಲ್ಲಿ ಬಂದರೆ ಮಾತ್ರ ಸುಂಕ ಇಲ್ಲ.

ಎರಡು ವಿಮಾನ ಬದಲಿಸಿ ಬರುವವರು ಒಂದು ವಿಷಯ ಗಮನದಲ್ಲಿಡಿ. ಅಮೆರಿಕದಿಂದ ದೆಹಲಿ ಅಥವಾ ಮುಂಬೈಗೆ ಇಳಿದು, ಅಲ್ಲಿಂದ ಬೇರೆ ವಿಮಾನದಲ್ಲಿ ಹೈದರಾಬಾದಿಗೋ ಬೆಂಗಳೂರಿಗೋ ಬರುವವರ ಕಸ್ಟಮ್ಸ್ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಮುಗಿಯುತ್ತದೆ. ಅಲ್ಲೇ ಬ್ಯಾಗು ಎತ್ತಿಕೊಂಡು, ಅಲ್ಲೇ ಹಸಿರೋ ಕೆಂಪೋ ದಾರಿ ಹಿಡಿಯಬೇಕು. ಮುಂದಿನ ವಿಮಾನಕ್ಕೆ ಒಂದೂವರೆ ತಾಸು ಮಾತ್ರ ಇಟ್ಟುಕೊಂಡು ಟಿಕೆಟ್ ತೆಗೆದರೆ, ಸುಂಕ ಕಟ್ಟುವ ಸಾಲಿನಲ್ಲಿ ನಿಂತು ವಿಮಾನ ತಪ್ಪಬಹುದು. ಮಿತಿ ದಾಟಿದ ಸಾಮಾನು ಇದ್ದವರು ನಡುವೆ ಕನಿಷ್ಠ ನಾಲ್ಕು ತಾಸು ಇರುವ ಟಿಕೆಟ್ ನೋಡಿಕೊಳ್ಳಿ. ಬಿಲ್ಲನ್ನು ದೊಡ್ಡ ಸೂಟ್‌ಕೇಸಿನೊಳಗೆ ಹಾಕದೆ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.